ಗೇಟು ತೆಗೆಸಿದ್ದು ನಾನು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ. "ಸುಮ್ನೆ ಮಲಗು, ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನಗೇ ನಿದ್ದೆ ಹತ್ತಲಿಲ್ಲ. ಅಪ್ಪ ಎರಡು ಸಲ ಎದ್ದು ಏನಾಯ್ತು ಅಂತ ಕೇಳಿದರು. ಕೆಲವು ಮಾತು ಬಾಯಲ್ಲಿ ಬರುವುದಿಲ್ಲ, ಬರೆದರೇ ಬರುತ್ತವೆ. ಅದಕ್ಕೇ ಬೆಳಗಿನ ಚಹಾ ಮುಗಿಸಿ ಕೂತಿದ್ದೇನೆ.

ನೀನು ಹೇಳಿದ್ದು ಇಷ್ಟು. ಟೀಮ್ ಲೀಡ್ ಆಗಿ ಮೂರು ತಿಂಗಳಾಗಿದೆ. ಹೊಸ ಹುಡುಗ ಒಂದು ತಪ್ಪು ಫೈಲು ಕಳಿಸಿದ. ದೊಡ್ಡವರೆಲ್ಲ ಕೂತಿದ್ದ ಮೀಟಿಂಗಿನಲ್ಲಿ ಯಾರು ಕಳಿಸಿದ್ದು ಅಂತ ಕೇಳಿದರು. ನೀನು ಅವನ ಹೆಸರು ಹೇಳಿದೆ. ಆದರೆ ಕಳಿಸುವ ಮುಂಚೆ ಅವನು ನಿನಗೆ ತೋರಿಸಿದ್ದ. ನೀನು ಗಡಿಬಿಡಿಯಲ್ಲಿ ನೋಡದೆ ಹೂಂ ಅಂದಿದ್ದೆ. "ನಾನೇನು ಸುಳ್ಳು ಹೇಳಲಿಲ್ಲ ಅವ್ವ, ಕಳಿಸಿದ್ದು ಅವನೇ ಅಲ್ವಾ" ಅಂತ ನಾಲ್ಕೈದು ಸಲ ಅಂದೆ. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಒಂದು ರಾತ್ರಿ ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ.

2005ರ ಜುಲೈ 26ರ ಮುಂಬೈ ಮಹಾಮಳೆಯ ಕಥೆ ನಿನಗೆ ಬಾಯಿಪಾಠ. ಆಗ ನಿನಗೆ ಏಳು ವರ್ಷ. ಅಪ್ಪ ಫೋರ್ಟಿನಿಂದ ಚೆಂಬೂರಿನವರೆಗೆ ನಡೆದುಕೊಂಡು ಬಂದದ್ದು, ನೀನು ಪಕ್ಕದ ಖೋಲಿಯ ಆಜಿಯ ಮಡಿಲಲ್ಲಿ ಮಲಗಿದ್ದು, ನಾನು ಶಾಲೆಯಲ್ಲಿ 47 ಮಕ್ಕಳನ್ನು ಇಟ್ಟುಕೊಂಡು ರಾತ್ರಿ ಕಳೆದದ್ದು. ನೆಂಟರ ಮುಂದೆ ನೀನೇ ಹೆಮ್ಮೆಯಿಂದ ಹೇಳುತ್ತೀಯ. ಆದರೆ ಪುಟ್ಟಿ, ಅದರಲ್ಲಿ ಅರ್ಧ ಮಾತ್ರ ನಾನು ನಿನಗೆ ಹೇಳಿದ್ದು.

ನಮ್ಮ ಶಾಲೆ ಇದ್ದದ್ದು ಕುರ್ಲಾದಲ್ಲಿ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಒಂದೇ ಕಟ್ಟಡದಲ್ಲಿ ಎರಡು ಮೂರು ಭಾಷೆ ಇರುವುದುಂಟು. ನಮ್ಮ ಕನ್ನಡ ಶಾಲೆ ಮೇಲಿನ ಮಹಡಿಯಲ್ಲಿತ್ತು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. ಆ ದಿನ ಮಂಗಳವಾರ. ಹೆಡ್ ಟೀಚರ್ ಹೊರಗೆ ಮೀಟಿಂಗಿಗೆ ಹೋಗಿದ್ದರು, ಚಾರ್ಜ್ ನನಗೆ ಕೊಟ್ಟಿದ್ದರು. ಎರಡು ಗಂಟೆಗೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಅಂತ ಆಮೇಲೆ ಪೇಪರಿನಲ್ಲಿ ಓದಿದೆವು. ಅದೇ ದಿನ ಕೊಲಾಬಾದಲ್ಲಿ 100 ಕೂಡ ಆಗಿರಲಿಲ್ಲ. ಹಾಗಾಗಿಯೇ ಫೋರ್ಟಿನಲ್ಲಿದ್ದ ಅಪ್ಪನಿಗೆ ಸಂಜೆವರೆಗೂ ನಮ್ಮ ಕಡೆ ಏನಾಗುತ್ತಿದೆ ಅಂತ ಅಂದಾಜೇ ಇರಲಿಲ್ಲ.

ಮೂರೂವರೆಗೆ ಏಳನೇ ಇಯತ್ತೆಯ ಐದು ಹುಡುಗರು ಬಂದರು. "ಅಕ್ಕೋರೆ, ನಮ್ಮನಿ ಇಲ್ಲೇ ನಾಲಾದ ಹಿಂದ ಐತ್ರೀ, ಓಡಿ ಹೋಗಿಬಿಡ್ತೀವಿ" ಅಂದರು. ನಮ್ಮ ಶಾಲೆಯ ಜವಾನ, ಸಿಪಾಯಿ ಕಾಕಾ, ಗೇಟಿನ ಹತ್ತಿರದಿಂದ ಮೇಲೆ ಬಂದು, "ಬಾಯಿ, ನಾಲಾ ಭರ್ಲಾಯ್" ಅಂದರು. ಅಕ್ಕೋರೆ, ನಾಲಾ, ಅಂದರೆ ದೊಡ್ಡ ಚರಂಡಿ, ತುಂಬಿದೆ ಅಂತ ಮರಾಠಿಯಲ್ಲಿ. ನಾನು ಅವರ ಮುಖ ಕೂಡ ಸರಿಯಾಗಿ ನೋಡಲಿಲ್ಲ. ಐದು ಮಕ್ಕಳು ಕಡಿಮೆಯಾದರೆ ನನ್ನ ತಲೆನೋವೂ ಅಷ್ಟು ಕಡಿಮೆ ಅನ್ನಿಸಿತು. ಬಿಡಿ ಕಾಕಾ, ದೊಡ್ಡ ಹುಡುಗರು, ಹೋಗಲಿ ಅಂದೆ. ಅವರು ಹೋಗಿ ಗೇಟು ತೆಗೆದರು.

ನಾಲ್ಕೂವರೆ ಹೊತ್ತಿಗೆ ಮೈದಾನ ಕಾಣಲಿಲ್ಲ. ಮೀಠಿ ನದಿ ಉಕ್ಕಿ ಒಳಗೆ ಬಂದಿತ್ತು. ಕರೆಂಟು ಹೋಯಿತು, ಫೋನು ಸತ್ತಿತು. ಮುಂದಿನದು ನಿನಗೆ ಗೊತ್ತು. ಬೀದಿಯ ಕೊನೆಯ ಹೋಟೆಲಿನ ಉಡುಪಿ ಕಡೆಯ ಅಣ್ಣ ಎದೆಮಟ್ಟದ ನೀರಿನಲ್ಲಿ ತಲೆ ಮೇಲೆ ಬಕೆಟ್ ಹೊತ್ತು ಇಡ್ಲಿ ತಂದುಕೊಟ್ಟದ್ದು. ಪ್ರತಿ ದೊಡ್ಡ ಹುಡುಗಿಗೆ ನಾಲ್ಕು ಚಿಕ್ಕ ಮಕ್ಕಳನ್ನು ಒಪ್ಪಿಸಿದ್ದು. ಗಂಟೆಗೊಮ್ಮೆ ಹಾಜರಿ ಕೂಗಿದ್ದು. ಮೊದಮೊದಲು ನಾನು "ಈಗ ಅಪ್ಪ ಬರ್ತಾರೆ, ಈಗ ಬರ್ತಾರೆ" ಅನ್ನುತ್ತಿದ್ದೆ. ಮಕ್ಕಳು ಕಿಟಕಿಗೆ ಓಡುವುದು, ಅಳುವುದು, ಮತ್ತೆ ಓಡುವುದು. ಕೊನೆಗೆ, "ಇವತ್ತು ಯಾರೂ ಮನೆಗೆ ಹೋಗುವುದಿಲ್ಲ. ನೀರು ಯಾವಾಗ ಇಳಿಯುತ್ತದೋ ನನಗೂ ಗೊತ್ತಿಲ್ಲ. ಎಲ್ಲರೂ ಇಲ್ಲೇ ಒಟ್ಟಿಗೆ ಮಲಗೋಣ" ಅಂದುಬಿಟ್ಟೆ. ಅಳು ನಿಂತಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎಷ್ಟು ಚಿಕ್ಕವರೂ ತಡೆದುಕೊಳ್ಳುತ್ತಾರೆ. ನಿನ್ನ ಟೀಮಿನವರಂತೂ ದೊಡ್ಡವರು.

ಇಷ್ಟನ್ನೇ ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇದರಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ.

ಒಂಬತ್ತು ಗಂಟೆಗೆ ಒಬ್ಬ ತಂದೆ ಬಂದರು. ಗೌಂಡಿ ಕೆಲಸದವರು. ಮೈಯೆಲ್ಲ ಕೆಸರು, ಎಲ್ಲೋ ತಗಡು ತಾಗಿ ಮೊಣಕೈ ಹತ್ತಿರ ರಕ್ತ ಬರುತ್ತಿತ್ತು. ಐವರಲ್ಲಿ ನಾಲ್ವರು ಮನೆ ಮುಟ್ಟಿದ್ದರು, ಅವರ ಮಗ ಮುಟ್ಟಿರಲಿಲ್ಲ. "ಅಕ್ಕೋರೆ, ನನ್ ಮಗ ಎಲ್ಲದಾನ್ರೀ?" ಅಂದರು. ಸಿಪಾಯಿ ಕಾಕಾ ನನ್ನ ಪಕ್ಕದಲ್ಲೇ ಮೇಣದಬತ್ತಿ ಹಿಡಿದು ನಿಂತಿದ್ದರು.

ನಾನು ಹೇಳಿದೆ, "ಸಿಪಾಯಿ ಗೇಟ್ ತೆಗೆದು ಬಿಟ್ಟರ್ರೀ."

ಸುಳ್ಳಲ್ಲ. ಗೇಟು ತೆಗೆದದ್ದು ಅವರೇ.

ಕಾಕಾ ಕೊಂಕಣದವರು. ಆದರೆ ಹನ್ನೆರಡು ವರ್ಷ ನಮ್ಮ ಮಧ್ಯೆ ಇದ್ದವರು, ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ಏನೂ ಅನ್ನಲಿಲ್ಲ. ಮೇಣ ಕರಗಿ ಅವರ ಹೆಬ್ಬೆರಳಿನ ಮೇಲೆ ಇಳಿಯುತ್ತಿತ್ತು. ಕೈ ಸರಿಸಲಿಲ್ಲ. ಆ ತಂದೆ ಅವರ ಕಡೆ ಒಮ್ಮೆ ನೋಡಿ ತಿರುಗಿ ನೀರಿಗೆ ಇಳಿದರು. ಬಾಗಿಲಲ್ಲಿ ಇನ್ನೂ ಇಬ್ಬರು ಟೀಚರು, ನಾಲ್ಕೈದು ಪಾಲಕರು ನಿಂತು ಎಲ್ಲ ಕೇಳಿಸಿಕೊಂಡಿದ್ದರು.

ಆ ರಾತ್ರಿ ನಾನು ಮಕ್ಕಳ ತಲೆ ಎಣಿಸುತ್ತಿದ್ದೆ. ಪ್ರತಿ ಸಲವೂ 47. ಆದರೆ ಮನಸ್ಸು 48 ಹುಡುಕುತ್ತಿತ್ತು. ನೀನು ಎಲ್ಲಿದ್ದೀಯೋ ಅನ್ನುವ ಚಿಂತೆ ಒಂದು ಕಡೆ, ಆ ಹುಡುಗ ಇನ್ನೊಂದು ಕಡೆ.

ಹುಡುಗ ಮರುದಿನ ಮಧ್ಯಾಹ್ನದ ಹೊತ್ತಿಗೆ ಸಿಕ್ಕ. ಯಾರೋ ಪುಣ್ಯಾತ್ಮರು ತಮ್ಮ ಅಂಗಡಿಯ ಅಟ್ಟಕ್ಕೆ ಎಳೆದುಕೊಂಡಿದ್ದರು. ಆ ದಿನ ಈ ಊರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಹಿಂತಿರುಗಲಿಲ್ಲ. ನಮ್ಮ ಹುಡುಗ ತಿರುಗಿ ಬಂದದ್ದು ನನ್ನ ಜಾಣತನದಿಂದ ಅಲ್ಲ.

ನೀರು ಇಳಿದ ಮೇಲೆ ಕಾಕಾನ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಅಸು ದ್ಯಾ ಬಾಯಿ" ಅಂದರು, ಇರಲಿ ಬಿಡಿ ಅಂತ. ನನಗೂ ಭಾರ ಇಳಿದ ಹಾಗಾಯಿತು. ಅಲ್ಲೇ ನಾನು ಎರಡನೇ ಸಲ ಎಡವಿದ್ದು. ಶಾಲೆ ಮತ್ತೆ ಶುರುವಾದಾಗ ನೋಡುತ್ತೇನೆ, ಆ ಹುಡುಗನ ತಂದೆ ಕಾಕಾನ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡುತ್ತಿಲ್ಲ. ಬೇರೆ ಪಾಲಕರು ಗೇಟಿನಲ್ಲಿ ಅವರನ್ನು ದಾಟಿಕೊಂಡು ಹೋಗುತ್ತಾರೆ. ನಾನು ಗುಟ್ಟಾಗಿ ಕೇಳಿದ ಕ್ಷಮೆಯಿಂದ ನನ್ನ ಮನಸ್ಸು ಹಗುರವಾಯಿತೇ ಹೊರತು ಅವರ ಹೆಸರಿಗೆ ಹತ್ತಿದ್ದ ಕೆಸರು ಹಾಗೇ ಇತ್ತು.

ಪಾಲಕರ ಸಭೆ ಕರೆದಾಗ ಎದ್ದು ನಿಂತೆ. ಕಾಲು ನಡುಗುತ್ತಿತ್ತು. "ಕಾಕಾ ಬೇಡ ಅಂತ ಸೂಚನೆ ಕೊಟ್ಟಿದ್ದರು. ಗೇಟು ತೆಗೆಸಿದ್ದು ನಾನು" ಅಂದೆ. ಇಷ್ಟೇ. ಮಳೆ ಹಾಗಿತ್ತು, ಹೀಗಿತ್ತು ಅಂತ ಏನೂ ಸೇರಿಸಲಿಲ್ಲ. ಆ ತಂದೆ ತುಂಬಾ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಕಾಕಾನ ಕೈ ಹಿಡಿದರು. ನನ್ನ ಹತ್ತಿರ ಮಾತಾಡಲಿಲ್ಲ. ಮೇಲಿನಿಂದ ಕಾರಣ ಕೇಳಿ ನನಗೊಂದು ನೋಟಿಸೂ ಬಂತು. ನಡೆದದ್ದು ನಡೆದ ಹಾಗೆ ಬರೆದುಕೊಟ್ಟೆ.

ಮುಂದಿನ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕಾಕಾ ಓಡುತ್ತಾ ಮೇಲೆ ಬಂದರು. ನಾಲಾ ಏರುತ್ತಿದೆ, ಈಗ ಯಾರನ್ನೂ ಬಿಡುವುದು ಬೇಡ ಅಂದರು. ಈ ಸಲ ಅವರ ಜೊತೆ ನಾನೂ ಕೆಳಗೆ ಹೋಗಿ ನೋಡಿದೆ. ಸಭೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರು ಮತ್ತೆ ಹಾಗೆ ಓಡಿ ಬರುತ್ತಿದ್ದರಾ? ನನಗಂತೂ ನಂಬಿಕೆ ಇಲ್ಲ.

ನಿನ್ನ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಇಲ್ಲೇ. ಹೋದ ತಿಂಗಳು ನೀನು ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನ ಕೆರೆಯ ಫೋಟೋ ಕಳಿಸಿದ್ದೆ. ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ನಿನ್ನ ಪುಣೆಯಲ್ಲೇ. ನೀರು ಮಿತಿ ಮೀರಿದರೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು ಮೊದಲು ಕೂರಿಸಿದ್ದು 1903ರಲ್ಲಿ ಅದೇ ಕೆರೆಯಲ್ಲಿ. ಈ ಪಾಠ ಹೇಳುವಾಗೆಲ್ಲ ನನಗೆ ಕಾಕಾ ನೆನಪಾಗುತ್ತಿದ್ದರು. ನೀರು ಏರುತ್ತಿದೆ ಅಂತ ಬಂದು ಹೇಳುವ ಒಬ್ಬರಾದರೂ ನಮ್ಮ ಹತ್ತಿರ ಇರಬೇಕು. ಆ ಹುಡುಗ ಫೈಲು ಕಳಿಸುವ ಮುಂಚೆ ನಿನಗೆ ತೋರಿಸಲು ಬಂದನಲ್ಲ, ಅದು ಒಳ್ಳೆಯ ಅಭ್ಯಾಸ. ಇನ್ನು ಮುಂದೆ ಅವನು ತೋರಿಸುತ್ತಾನಾ? ಉಳಿದ ಐವರು ಆರುಜನ ಆ ಮೀಟಿಂಗ್ ನೋಡಿದ್ದಾರೆ. ಅವರು ತೋರಿಸುತ್ತಾರಾ?

ನೀನು ಕೆಟ್ಟವಳಲ್ಲ. ಹೆದರಿದ್ದೆ, ಬಾಯಿಗೆ ಬಂದದ್ದು ಹೇಳಿದೆ. ನಾನೂ ಹಾಗೇ. ಆದರೆ ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ ಸಾರಿ ಅಂದು ಮುಗಿಸಬೇಡ. ಅದನ್ನೂ ಮಾಡು, ಮೊದಲು ಮಾಡು. ಆಮೇಲೆ ಸೋಮವಾರದ ಮೀಟಿಂಗಿನಲ್ಲಿ, ಅದೇ ಜನರ ಎದುರು, "ಅವನು ನನಗೆ ತೋರಿಸಿದ್ದ, ನಾನು ನೋಡದೆ ಒಪ್ಪಿದೆ" ಅಂತ ಹೇಳು. ಕಾರಣ ಹೇಳಲು ಹೋಗಬೇಡ. ಕೇಳಿದರೆ ಮಾತ್ರ ಹೇಳು. ಬೈದರೆ ಬೈಸಿಕೋ. ಪ್ರಮೋಷನ್ನಿಗೆ ತೊಂದರೆ ಆದೀತು ಅಂತ ನಿನಗೆ ಭಯ. ಆದರೂ ಆಗಬಹುದು, ನಾನು ಆಗುವುದಿಲ್ಲ ಅಂತ ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ರತ್ನಾಗಿರಿಯಿಂದ ನಮಗೆ ಆಮಸೂಲು, ಅದೇ ಒಣಗಿಸಿದ ಪುನರ್ಪುಳಿ, ಬರುತ್ತದಲ್ಲ, ಯಾರು ಕಳಿಸುತ್ತಾರೆ ಅಂತ ನೀನು ಕೇಳುತ್ತಿದ್ದೆ, ನಾನು ಊರಿನವರು ಅನ್ನುತ್ತಿದ್ದೆ. ಆ ಕಾಕಾ. ಈ ವರ್ಷದ್ದು ಹೋದ ವಾರ ಬಂದಿದೆ. ಶನಿವಾರ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹಿಡಿದು ಬಾ. ಅದನ್ನು ಹಾಕಿ ಸೋಲಕಡಿ ಮಾಡಿಡುತ್ತೇನೆ. ಕಾಕಾನ ಜೊತೆ ಫೋನಿನಲ್ಲಿ ನೀನೂ ಮಾತಾಡುವೆಯಂತೆ.

ಇಂತಿ,
ನಿನ್ನ ಅವ್ವ