ಕೆಂಪಿಯ ಕಣ್ಣಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೂಗಾಡಿಬಿಟ್ಟೆ. ಹಸುಗಳಿಗೆ ನೆಕ್ಕುಬಿಲ್ಲೆ ಮಾಡಿದೆ ಅಂತ ನೀನು ಖುಷಿಯಿಂದ ಫೋಟೊ ಕಳಿಸಿದರೆ, "ಯೂರಿಯಾ ಯಾಕೆ ಹಾಕಿದೆ" ಅಂತ ಮೇಲೆ ಬಿದ್ದೆ. ನೀನು ಫೋನ್ ಇಟ್ಟಿದ್ದೇ ಸರಿ. ನಿಮ್ಮಮ್ಮ ರಾತ್ರಿ ಮುದ್ದೆ ಬಡಿಸುವಾಗಲೂ ಮಾತಾಡಲಿಲ್ಲ.

ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. 10 ಕೆ.ಜಿ.ಗೆ ಕಾಕಂಬಿ 4.5, ಬೂಸಾ 2.5, ಯೂರಿಯಾ 1, ಸಿಮೆಂಟು 1, ಉಪ್ಪು ಅರ್ಧ, ಮಿನರಲ್ ಮಿಕ್ಸ್ಚರ್ ಅರ್ಧ. ತೂಕ ಹಾಕಿ ಬರೆದಿಟ್ಟಿದ್ದೀಯ. ನಾನು ಜೀವಮಾನವೆಲ್ಲ ಬೊಗಸೆ ಲೆಕ್ಕದವನು. ಬರೀ ರಾಗಿಹುಲ್ಲು ತಿನ್ನುವ ಹಸುವಿಗೆ ಇದು ಒಳ್ಳೆಯದೇ. ಹುಲ್ಲು ಚೆನ್ನಾಗಿ ಅರಗುತ್ತದೆ, ಹಾಲೂ ಹೆಚ್ಚಬಹುದು. ಅದು ನನಗೂ ಗೊತ್ತು.

ಕೂಗಾಡಿದ್ದು ನಮ್ಮ ಹಸು ಕೆಂಪಿಯ ನೆನಪಾಗಿ.

ಅವಳು ಸತ್ತ ದಿನ ನಿನಗೂ ನೆನಪಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಹಾವು ಮುಟ್ಟಿತು ಅಂತ ಊರಿಗೆಲ್ಲ ಹೇಳಿದೆ. ನೀನು ಕಣ್ಣಿ ಸಡಿಲ ಕಟ್ಟಿದ್ದಕ್ಕೇ ಬೇಲಿ ಕಡೆ ಹೋದಳು ಅಂತ ನಿನಗೆ ಬೈದೆ. ನಿನಗಾಗ 8 ವರ್ಷ.

ಹಾವು ಮುಟ್ಟಿರಲಿಲ್ಲ. 2003ರ ಬರ. ಒಣಹುಲ್ಲಿಗೆ ಚಿಮುಕಿಸಲು ಯೂರಿಯಾ ಕರಗಿಸಿದ್ದೆ, 100 ಕೆ.ಜಿ.ಗೆ 4 ಕೆ.ಜಿ. ಲೆಕ್ಕ. ಬಕೆಟ್ ಅಲ್ಲೇ ಬಿಟ್ಟು ಟಾರ್ಪಲ್ ತರಲು ಹೋದವನು ಪಕ್ಕದ ಮನೆ ಜಗುಲಿಯಲ್ಲಿ ಬೀಡಿ ಹಚ್ಚಿದೆ. ಒಂದೇ ಬೀಡಿ. ಬಂದಾಗ ಬಕೆಟ್ಟಿನ ತಳ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಮೈ ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ. ಡಾಕ್ಟರು ಬಂದು ಏನು ತಿಂತು ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ. ಅಷ್ಟರಲ್ಲಿ ಬಕೆಟ್ ತೊಳೆದು ಬೋರಲು ಹಾಕಿದ್ದೆ. ನಿಜ ಹೇಳಿದ್ದರೆ ವಿನೆಗರ್ ಕುಡಿಸಿ ನೋಡುತ್ತಿದ್ದರೇನೋ. ತೊಳೆದೆ ನೋಡು, ಅದೇ ತಲೆಯಿಂದ ಹೋಗುವುದಿಲ್ಲ. ಹಸು ಬಿದ್ದು ಒದ್ದಾಡುತ್ತಿದೆ, ನಾನು ಬಕೆಟ್ ತೊಳೆಯುತ್ತಿದ್ದೇನೆ.

ಅದಕ್ಕೇ ಹೇಳುವುದು. ಯೂರಿಯಾ ಗಂಟು ಒಂದೂ ಉಳಿಯಬಾರದು. ಬಿಲ್ಲೆ ಪೂರ್ತಿ ಗಟ್ಟಿಯಾದ ಮೇಲೇ ಇಡು, ನೆಕ್ಕಬೇಕೇ ಹೊರತು ಕಚ್ಚಿ ತಿನ್ನಬಾರದು. ಮೊದಲು ಹೊಟ್ಟೆ ತುಂಬ ಹುಲ್ಲು, ಆಮೇಲೆ ಬಿಲ್ಲೆ. ಮಳೆ ನೀರು ತಾಗಿಸಬೇಡ, ಕರಗಿದ ನೀರು ಕುಡಿದರೆ ಮುಗಿಯಿತು. 6 ತಿಂಗಳೊಳಗಿನ ಕರುವಿಗೆ ಬೇಡವೇ ಬೇಡ, ಯೂರಿಯಾ ಅರಗಿಸುವ ಹೊಟ್ಟೆ ಅದಕ್ಕಿನ್ನೂ ಬಂದಿರುವುದಿಲ್ಲ. ಮತ್ತೆ ಆ ಚೀಲ... ಬಿಡು, ಇದೆಲ್ಲ ನೀನು ಓದಿಯೇ ಮಾಡಿರುತ್ತೀಯ. ಮತ್ತೆ ಪಾಠ ಶುರು ಮಾಡಿದೆ, ಅಲ್ವಾ?

ನೀನು ಕಣ್ಣಿ ಸರಿಯಾಗೇ ಕಟ್ಟಿದ್ದೆ ಕಣವ್ವ. ಗಂಟು ಹಾಗೇ ಇತ್ತು, ಗೂಟ ಕಿತ್ತು ಬಂದಿತ್ತು. ಆ ಗೂಟ ಹೊಡೆದವನೂ ನಾನೇ.

5 ಲೀಟರ್ ವಿನೆಗರ್ ಕ್ಯಾನು ತೆಗೆದುಕೊಂಡಿದ್ದೇನೆ. ಭಾನುವಾರ ತರುತ್ತೇನೆ. ಬೈಯಬೇಡ.

ಅಪ್ಪ