ರೆಸ್ಟೋರೆಂಟ್ ವಿಮರ್ಶೆಯಲ್ಲಿ ತಟ್ಟೆಯ ವಿಚಾರವೂ ಬರಲಿ

ಸಂಪಾದಕರಿಗೆ,

ಪತ್ರಿಕೆಗಳ ಪುರವಣಿಗಳಲ್ಲಿ ಬರುವ ರೆಸ್ಟೋರೆಂಟ್ ವಿಮರ್ಶೆಗಳಲ್ಲಿ ದೀಪ, ಗೋಡೆ, ಪೀಠೋಪಕರಣಗಳ ವರ್ಣನೆಗೇ ಮುಕ್ಕಾಲು ಜಾಗ ಹೋಗುತ್ತಿದೆ. ಊಟದ ಬಗ್ಗೆ ಸಿಗುವುದು ‘ಬಾಯಲ್ಲಿ ನೀರೂರಿಸುತ್ತದೆ’ ಎಂಬ ಒಂದು ಸಾಲು. ಅದನ್ನು ನಂಬಿ ಹೋದವರಿಗೆ ಏನು ತರಿಸಿಕೊಳ್ಳಬೇಕು, ಯಾವುದನ್ನು ಹಿಂದಕ್ಕೆ ಕಳಿಸಬಹುದು ಎಂಬುದು ತಿಳಿಯುವುದಿಲ್ಲ. ರೆಸ್ಟೋರೆಂಟ್‌ಗಳಿಗೆ ದರ್ಜೆ ಕೊಡುವ ಕೈಪಿಡಿಯಾದ ಮಿಶೆಲಿನ್ ಗೈಡ್‌ನವರು ನಕ್ಷತ್ರ ಕೊಡುವಾಗ ಅಲಂಕಾರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ತಟ್ಟೆಯಲ್ಲಿರುವುದನ್ನು ಮಾತ್ರ ನೋಡುತ್ತಾರೆ. ನಮ್ಮ ಅಂಕಣಕಾರರೂ ಅಲ್ಲಿಂದ ಶುರುಮಾಡಲಿ.

ಅಡುಗೆಯವರ ಕೈಗುಣ ಗೊತ್ತಾಗುವುದು ಮೆನುವಿನ ತೀರಾ ಸರಳವಾದ ಖಾದ್ಯದಲ್ಲಿ. ಹತ್ತಾರು ಸಾಮಗ್ರಿ ಬಿದ್ದ ಕಡೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಮೂರು ಮೊಟ್ಟೆ, 15 ಗ್ರಾಂ ಬೆಣ್ಣೆ, ಉಪ್ಪು ಇಷ್ಟರಲ್ಲೇ ಆಗುವ ಫ್ರೆಂಚ್ ಆಮ್ಲೆಟ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಬೆಣ್ಣೆಯ ನೊರೆ ಇಳಿದು ಬಣ್ಣ ಇನ್ನೂ ತಿರುಗದಿರುವಾಗ ಮೊಟ್ಟೆ ಸುರಿದು, ಒಳಗೆ ತುಸು ಹಸಿ ಇರುವಾಗಲೇ ಮಡಚಿ ಇಳಿಸಬೇಕು. ಉಳಿದದ್ದನ್ನು ಒಳಗಿನ ಬಿಸಿಯೇ ಬೇಯಿಸುತ್ತದೆ. ತಟ್ಟೆಯಲ್ಲಿ ನೀರು ಒಸರಿದ್ದರೆ ಉರಿಯ ಮೇಲೆ ಹೆಚ್ಚು ಹೊತ್ತು ಇಟ್ಟಿದ್ದಾರೆಂದೇ ಅರ್ಥ: ಪ್ರೋಟೀನ್ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕಿದೆ.

ಇನ್ನೂ ಕಠಿಣ ಪರೀಕ್ಷೆ ರೋಮ್‌ನ ‘ಕಾಚೋ ಎ ಪೆಪೆ’. ಪಾಸ್ತಾ, ಪೆಕೊರಿನೊ ರೊಮಾನೊ ಚೀಸ್, ಕಾಳುಮೆಣಸು, ಪಾಸ್ತಾ ಬೆಂದ ನೀರು, ಅಷ್ಟೇ. ಚೀಸ್‌ಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದರೆ ಅದರ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆಮೇಲೆ ಎಷ್ಟು ಕದಡಿದರೂ ಕರಗುವುದಿಲ್ಲ. ಇದನ್ನು ತಡೆಯುವುದು ಪಿಷ್ಟ. ಭೌತವಿಜ್ಞಾನಿಗಳ ತಂಡವೊಂದು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚೀಸ್‌ನ ತೂಕದ ಶೇ 2ರಿಂದ 3ರಷ್ಟು ಪಿಷ್ಟ ಬೇಕು. ಶೇ 1ಕ್ಕಿಂತ ಕಡಿಮೆಯಾದರೆ ಗಂಟು, ಶೇ 4 ದಾಟಿದರೆ ಆರಿದ ಮೇಲೆ ಅಂಟಂಟು. ಪಾಸ್ತಾ ಬೆಂದ ನೀರಿನ ಪಿಷ್ಟವನ್ನೇ ನಂಬದೆ, 240 ಗ್ರಾಂ ಪಾಸ್ತಾಕ್ಕೆ 160 ಗ್ರಾಂ ಚೀಸ್ ಹಿಡಿದರೆ 4 ಗ್ರಾಂ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಹಾಕಬೇಕು. ಅದನ್ನು ನೀರಿನಲ್ಲಿ ಕದಡಿ, ಗಂಜಿಯಾಗುವ ತನಕ ಕಾಯಿಸಿ, ಆರಿಸಿ, ಆಮೇಲೆ ಚೀಸ್ ಬೆರೆಸಬೇಕು. ಪಾಸ್ತಾವನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಇದರೊಂದಿಗೆ ಹೊರಳಿಸಿದರೆ ಸಾಸ್ ನಯವಾಗಿ ಹತ್ತಿಕೊಳ್ಳುತ್ತದೆ. ಈ ಕಷ್ಟ ಬೇಡವೆಂದು ಕ್ರೀಮ್ ಸುರಿಯುವ ಅಡುಗೆಮನೆಗಳಿವೆ. ಆಗ ಗಂಟೇನೋ ಇರುವುದಿಲ್ಲ, ಆದರೆ ಮೆಣಸಿನ ಘಾಟೂ ಚೀಸ್‌ನ ಉಪ್ಪುಹುಳಿಯೂ ಮಂಕಾಗುತ್ತವೆ. ಇಂಥದ್ದನ್ನು ವಿಮರ್ಶಕರು ಹೆಸರಿಸಿ ಹೇಳಬೇಕು.

ವೈನ್ ವಿಷಯದಲ್ಲಂತೂ ಮೌನವೇ ಹೆಚ್ಚು. ಪಟ್ಟಿ ಎಷ್ಟು ಉದ್ದವಿದೆ ಎಂದು ಬರೆಯುತ್ತಾರೆ, ಯಾವ ಉಷ್ಣತೆಯಲ್ಲಿ ಕೊಟ್ಟರು ಎಂದು ಬರೆಯುವುದಿಲ್ಲ. ಗಾಢವಾದ ಕೆಂಪು ವೈನ್‌ಗೆ 16ರಿಂದ 18 ಡಿಗ್ರಿ, ಹಗುರ ಕೆಂಪಿಗೆ 12ರಿಂದ 14, ಬಿಳಿಗೆ 8ರಿಂದ 12 ಸರಿ. 25 ಡಿಗ್ರಿಯಲ್ಲಿ ಸುರಿದ ಕೆಂಪು ವೈನ್‌ನಲ್ಲಿ ಮದ್ಯಸಾರದ ಘಾಟೇ ಮುಂದಾಗಿ ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. ಫ್ರಿಜ್‌ನಿಂದ ನೇರ ಬಂದ ಬಿಳಿ ವೈನ್‌ನಲ್ಲಿ ಪರಿಮಳವೇ ಏಳುವುದಿಲ್ಲ. ಕೆಂಪು ವೈನ್ ಬೆಚ್ಚಗಿದ್ದರೆ ಬಕೆಟ್ ಕೇಳಲು ಸಂಕೋಚ ಬೇಡ. ಬರೀ ಮಂಜುಗಡ್ಡೆ ಸಾಲದು, ಅರ್ಧ ನೀರೂ ಇರಬೇಕು. ಗಡ್ಡೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ಆವರಿಸಿ ಬೇಗ ತಂಪು ಮಾಡುತ್ತದೆ. ಹತ್ತು ನಿಮಿಷ ಸಾಕು.

ಬಾಟಲಿ ತೆರೆದು ಒಂದು ಗುಟುಕು ಸುರಿಯುವುದು ಇಷ್ಟವಾಯಿತೇ ಎಂದು ಕೇಳಲಿಕ್ಕಲ್ಲ, ವೈನ್ ಕೆಟ್ಟಿದೆಯೇ ಎಂದು ನೋಡಲಿಕ್ಕೆ. ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬಂದರೆ ಬಿರಡೆಯಿಂದ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ಸೇರಿರುತ್ತದೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ಗಾಳಿಗೆ ಬಿಟ್ಟರೂ ಸರಿಹೋಗುವುದಿಲ್ಲ. ಮೊದಲ ಬಾರಿ ಮೂಸಿದಾಗಲೇ ತೀರ್ಮಾನಿಸಬೇಕು, ಯಾಕೆಂದರೆ ಮೂಗು ಬೇಗ ಒಗ್ಗಿಹೋಗುತ್ತದೆ. ಬಿರಡೆಯನ್ನು ಮೂಸುವುದರಿಂದ ಹೆಚ್ಚೇನೂ ತಿಳಿಯದು, ಗ್ಲಾಸನ್ನೇ ಮೂಸಿ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಗಾಢವಾಗಿದ್ದರೂ ಹಿಂದಕ್ಕೆ ಕಳಿಸಬಹುದು. ತಳದಲ್ಲಿ ಸಕ್ಕರೆಯಂತೆ ಮಿನುಗುವ ಹರಳು ಮಾತ್ರ ದೋಷವಲ್ಲ, ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ. ಗ್ಲಾಸಿನ ಲೆಕ್ಕದಲ್ಲಿ ತರಿಸುವುದಾದರೆ ಬಾಟಲಿ ಯಾವಾಗ ತೆರೆದದ್ದೆಂದು ಕೇಳಿ. ಮೂರು ದಿನ ದಾಟಿದ್ದರೆ ಬೇರೆಯದನ್ನು ಆರಿಸುವುದೇ ಒಳ್ಳೆಯದು.

ಊಟಕ್ಕೆ ಯಾವ ವೈನ್ ಎಂಬುದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ಖಾರದ ಊಟಕ್ಕೆ ಮದ್ಯಸಾರ ಕಡಿಮೆಯಿರುವ, ತುಸು ಸಿಹಿಯಾದ ವೈನ್ ಹೊಂದುತ್ತದೆ. ಒಗರು ಹೆಚ್ಚಿರುವ ಕೆಂಪು ವೈನ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಸಿಹಿತಿಂಡಿಯ ಜೊತೆಗಿನ ವೈನ್ ಅದಕ್ಕಿಂತ ಸಿಹಿಯಾಗಿರಬೇಕು, ಇಲ್ಲದಿದ್ದರೆ ಬರೀ ಹುಳಿಯೆನಿಸುತ್ತದೆ. ಕೆಲವು ಕೆಂಪು ವೈನ್‌ಗಳು ಮೀನಿನ ಜೊತೆ ಕಮಟು ವಾಸನೆ ಎಬ್ಬಿಸುವುದಕ್ಕೆ ಅವುಗಳಲ್ಲಿರುವ ಕಬ್ಬಿಣದ ಅಂಶ ಕಾರಣ. ನಿಂಬೆರಸ ಹಿಂಡಿದ ಮೀನಿಗೆ ಹುಳಿ ಚುರುಕಾಗಿರುವ ಬಿಳಿ ವೈನ್ ಕುಡಿದು ನೋಡಿ.

ಆದ್ದರಿಂದ ವಿನಂತಿ ಇಷ್ಟು. ಪ್ರತಿ ವಿಮರ್ಶೆಯಲ್ಲೂ ಒಂದು ಸರಳ ಖಾದ್ಯವನ್ನು ಹೇಗೆ ಮಾಡಿದ್ದರು, ವೈನ್ ಎಷ್ಟು ತಂಪಾಗಿ ಬಂತು, ಕೆಟ್ಟ ಬಾಟಲಿಯನ್ನು ತಕರಾರಿಲ್ಲದೆ ಬದಲಿಸಿಕೊಟ್ಟರೇ ಎಂಬುದನ್ನು ಬರೆಸಿ. ವಿಮರ್ಶಕರು ಜನರಿಲ್ಲದ ಮಧ್ಯಾಹ್ನ ಒಮ್ಮೆ, ಮೇಜುಗಳೆಲ್ಲ ತುಂಬಿದ ರಾತ್ರಿ ಇನ್ನೊಮ್ಮೆ ಹೋಗಿ ಅದೇ ಖಾದ್ಯವನ್ನು ತರಿಸಿಕೊಳ್ಳಲಿ. ಎರಡೂ ಸಲ ಹದ ಒಂದೇ ಇತ್ತೇ ಎಂಬುದು ಅಚ್ಚಾಗಲಿ.

ಇಂತಿ,
ಓರ್ವ ಓದುಗ