ಮುಂದೆ ಬಂದ ಕಣ್ಣಿಗೆ ಹನಿ ಔಷಧಿ ಸಾಲದು

ಮಾನ್ಯ ಸಂಪಾದಕರೇ,

ನನ್ನ ವೈನಿಯವರ ಕನ್ನಡಕದ ಬಲಗಾಜಿಗೆ ರೆಪ್ಪೆಗೂದಲು ತಾಗಿ ಜಿಡ್ಡಿನ ಗೆರೆ ಮೂಡುತ್ತಿದ್ದುದನ್ನು ಮನೆಮಂದಿಯೆಲ್ಲ ಎರಡು ವರ್ಷ ನೋಡಿದೆವು. ಎಡಗಾಜಿನ ಮೇಲೆ ಆ ಗೆರೆ ಏಕಿಲ್ಲ ಎಂದು ಯಾರೂ ಕೇಳಲಿಲ್ಲ. ಬಲಗಣ್ಣು ಮೆಲ್ಲಗೆ ಮುಂದಕ್ಕೆ ಬರುತ್ತಿತ್ತು; ನೋವಾಗಲಿ ಕೆಂಪಾಗಲಿ ಇರಲಿಲ್ಲ. ಒಂದು ದವಾಖಾನೆಯಲ್ಲಿ ಹನಿ ಔಷಧಿ ಕೊಟ್ಟರು, ಮತ್ತೊಂದರಲ್ಲಿ ಕನ್ನಡಕದ ನಂಬರು ಬದಲಿಸಿದರು, ಮೂರನೆಯದರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ವಯಸ್ಕರಲ್ಲಿ ಕಣ್ಣುಗುಡ್ಡೆ ಮುಂದೆ ಬರಲು ಥೈರಾಯ್ಡ್ ದೋಷವೇ ಹೆಚ್ಚು ಸಾಮಾನ್ಯ ಕಾರಣವಾದ್ದರಿಂದ ಮೂರನೆಯವರ ಅನುಮಾನವನ್ನು ತಪ್ಪೆನ್ನಲಾರೆ. ಆದರೆ ವರದಿ ಸರಿಯಾಗಿದೆ ಎಂದ ಮೇಲೆ ಹುಡುಕಾಟವೂ ಅಲ್ಲಿಗೇ ನಿಂತಿತು. ಕೊನೆಗೆ ಕಲಬುರಗಿಯಲ್ಲಿ ಯುವ ವೈದ್ಯೆಯೊಬ್ಬರು ಸೀಸೆಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿ ಬಣ್ಣ ಕೇಳಿದಾಗ, “ಈ ಕಣ್ಣಿಗಿ ಇಟ್ಟಂಗಿ ಬಣ್ಣ ಕಾಣ್ಲಕತ್ತದ” ಎಂದರು ವೈನಿ. ಕೆಂಪು ಹೀಗೆ ಮಾಸಿ ಕಾಣುವುದು ನೇತ್ರನರ ಒತ್ತಡಕ್ಕೆ ಸಿಕ್ಕಿರುವುದರ ಸೂಚನೆಯಂತೆ. ಅಂದೇ ಸಿ.ಟಿ., ಬಳಿಕ ಎಂ.ಆರ್.ಐ. ಆದವು.

ಮೆದುಳಿನ ಹೊದಿಕೆಯಲ್ಲಿ ಹುಟ್ಟಿ, ತಲೆಬುರುಡೆಯ ತಳದ ಎಲುಬನ್ನು ದಪ್ಪಗಾಗಿಸುತ್ತ ಕಣ್ಣಿನ ಗೂಡಿಗೆ ಇಳಿದಿದ್ದ ಮೆನಿಂಜಿಯೋಮಾ ಗಡ್ಡೆಯದು. ಹೆಂಗಸರಲ್ಲೇ ಹೆಚ್ಚು ಕಾಣುವ ಈ ಗಡ್ಡೆ ಬಹುಪಾಲು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ; ಅದರ ಅಪಾಯ ಇರುವುದೂ ಆ ನಿಧಾನದಲ್ಲೇ. 7 ಎಲುಬುಗಳು ಕೂಡಿ ಆದ, ಸುಮಾರು 30 ಮಿ.ಲೀ. ಹಿಡಿಸುವಷ್ಟು ಚಿಕ್ಕದಾದ ಆ ಗೂಡಿಗೆ ಎಲುಬಿಲ್ಲದ ಬಾಯಿ ಇರುವುದು ಮುಂದೆ ಮಾತ್ರವಾದ್ದರಿಂದ ಕಣ್ಣು ಮುಂದಕ್ಕೆ ಬರುತ್ತದೆ, ಹಿಂದೆ ನೇತ್ರನರ ಹಾಯುವ ಇಕ್ಕಟ್ಟಾದ ಎಲುಬಿನ ನಾಳ ಇನ್ನಷ್ಟು ಬಿಗಿಯುತ್ತದೆ. ಒತ್ತಡವನ್ನು ಬೇಗ ಇಳಿಸಿದರೆ ದೃಷ್ಟಿ ಸುಧಾರಿಸಬಹುದು. ನರ ಒಣಗಿದ ಮೇಲೆ ಯಾರಿಂದಲೂ ಆಗದು.

ಈ ಶಸ್ತ್ರಚಿಕಿತ್ಸೆ ಒಬ್ಬ ವೈದ್ಯರ ಕೈಯ ಕೆಲಸವಲ್ಲ. ಗಡ್ಡೆ ಹೊರಮಗ್ಗುಲಿಗಿದ್ದರೆ ಕಪಾಲದ ಪಕ್ಕದಿಂದ ಎಲುಬು ತೆರೆಯಬೇಕು, ಮೂಗಿನ ಮಗ್ಗುಲಿಗಿದ್ದರೆ ಮೂಗಿನ ಮೂಲಕವೇ ಎಂಡೋಸ್ಕೋಪ್ (ಒಳಗಿನದನ್ನು ತೋರಿಸುವ ತೆಳು ಕೊಳವೆ) ಹಾಯಿಸಬಹುದು. ಹೀಗಾಗಿ ನರಶಸ್ತ್ರಚಿಕಿತ್ಸಕರು, ನೇತ್ರತಜ್ಞರು, ಕಿವಿ-ಮೂಗು-ಗಂಟಲು ತಜ್ಞರು ಒಂದೇ ಫಿಲ್ಮನ್ನು ಒಟ್ಟಿಗೆ ನೋಡಿ ದಾರಿ ನಿರ್ಧರಿಸಬೇಕಾಗುತ್ತದೆ. ನಮಗಾದದ್ದು ಬೇರೆ. ಒಂದೊಂದು ವಿಭಾಗಕ್ಕೆ ಒಂದೊಂದು ವಾರ, ಪ್ರತಿ ಸಲ ಹೊಸ ಚೀಟಿ, ಪ್ರತಿ ಸಲ ಚಿತ್ತಾಪುರದಿಂದ ಬಸ್ಸು. ಕಡೆಗೆ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿ ನೇತ್ರನರದ ಎಲುಬಿನ ನಾಳವನ್ನು ಅಗಲಿಸಿ, ದಪ್ಪಗಾದ ಎಲುಬನ್ನು ಕೊರೆದು ತೆಗೆದರು. ಮೆದುಳಿಗೆ ಹೋಗುವ ಮುಖ್ಯ ರಕ್ತನಾಳ ಮತ್ತು ಕಣ್ಣನ್ನು ಹೊರಳಿಸುವ ನರಗಳನ್ನು ಅಂಟಿಕೊಂಡಿದ್ದ ಒಂದು ಚೂರನ್ನು ಬೇಕೆಂದೇ ಬಿಟ್ಟರು. ‘ಅರ್ಧ ಬಿಟ್ಟು ಕಳಿಸ್ಯಾರ’ ಎಂದು ನೆಂಟರು ಆಡಿಕೊಂಡರೂ, ಅದು ಬಲ್ಲವರ ನಿರ್ಧಾರವೆಂದು ನನಗೆ ತಿಳಿದದ್ದು ತಡವಾಗಿ. ಆ ಚೂರು ಬೆಳೆದರೆ ವಿಕಿರಣ ಚಿಕಿತ್ಸೆ ಇದೆ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಬಂದಾಗ ಇದೇ ಮೂಗು, ಇದೇ ಕಣ್ಣಿನ ಗೂಡಿಗಾಗಿ ನಾನಾ ವಿಭಾಗಗಳ ವೈದ್ಯರು ಒಂದೇ ಮೇಜಿನ ಸುತ್ತ ಕೂತಿದ್ದನ್ನು ನಾಡು ಕಂಡಿದೆ. ದೊಡ್ಡ ಶಸ್ತ್ರಚಿಕಿತ್ಸೆ ನಾಳೆಯೇ ಇಲ್ಲಿ ಆಗಲಿ ಎಂದು ನಾನು ಕೇಳುತ್ತಿಲ್ಲ. ಈ ಮೂರು ವಿಭಾಗದವರು ವಾರಕ್ಕೊಂದು ದಿನ ಕಲಬುರಗಿಯಲ್ಲಿ ಕೂಡಿ ಕೂತು ಮೂರೂ ಜಿಲ್ಲೆಯ ಇಂಥ ರೋಗಿಗಳನ್ನು ನೋಡಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುವ ರೆಫರಲ್ ಪತ್ರವನ್ನು ಅದೇ ದಿನ ಬರೆದುಕೊಡಲಿ. ಒಂದು ಕಣ್ಣು ಮಾತ್ರ ಮುಂದೆ ಬಂದವರಿಗೆ ಸ್ಕ್ಯಾನ್ ಇಲ್ಲದೆ ಹನಿ ಔಷಧಿ ಕೊಟ್ಟು ಕಳಿಸಬಾರದೆಂಬ ಸೂಚನೆ ತಾಲ್ಲೂಕು ಆಸ್ಪತ್ರೆಗಳಿಗೂ ಹೋಗಲಿ. ಮಕ್ಕಳಲ್ಲಾದರೆ ಹೀಗೆ ಬರುವ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆಯುವುದುಂಟು.

ವೈನಿಯವರ ಮುಂದಿನ ಎಂ.ಆರ್.ಐ. ದೀಪಾವಳಿಯ ನಂತರ ಇದೆ. ಫಿಲ್ಮು ತೆಗೆಯುವುದು ಕಲಬುರಗಿಯಲ್ಲೇ. ಅದನ್ನು ತೋರಿಸಲು ಮಾತ್ರ ಮತ್ತೆ ಬೆಂಗಳೂರಿಗೆ ಟಿಕೆಟ್ ಮಾಡಿಸಿದ್ದೇವೆ.

– ನಿವೃತ್ತ ಶಿಕ್ಷಕ, ಚಿತ್ತಾಪುರ, ಕಲಬುರಗಿ ಜಿಲ್ಲೆ